ವೇಗದ ಕಟ್ಟ ಕಟ್ಟುವವರು ಯಾರು?

ಅಂತರ್ಜಾಲ ಸಂಪರ್ಕವು ಶಿಕ್ಷಣದ ಹಕ್ಕಿನ ಅಂಗವೆಂದು ಕೇರಳ ಉಚ್ಚ ನ್ಯಾಯಾಲಯವು 2019ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. 2023ರ ಜೂನ್ 5ರಂದು ರಾಜ್ಯ ಸರಕಾರದ ಕೆ-ಫೋನ್ ಯೋಜನೆಯೂ ಉದ್ಘಾಟನೆಗೊಂಡಿತು. ಹಕ್ಕು ಬಂತು, ತಂತಿಯೂ ಬಂತು. ಆದರೆ ಆ ತಂತಿಯಲ್ಲಿ ಎಷ್ಟು ವೇಗ ಹರಿಯಬೇಕೆಂದು ಎಲ್ಲಿ, ಯಾರು, ಹೇಗೆ ತೀರ್ಮಾನಿಸುತ್ತಾರೆಂಬುದನ್ನು ಹಣ ಕೊಡುವ ನಾವು ವಿಚಾರಿಸಿದ್ದುಂಟೆ?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕದ್ದು ಹತ್ತನೆಯ ತರಗತಿಯ ಒಬ್ಬ ಹುಡುಗಿಯಿಂದ. ಪ್ರತಿ ತಿಂಗಳೂ 20ನೆಯ ತಾರೀಕು ಕಳೆದರೆ ಅವಳ ಮನೆಯಲ್ಲಿ ಪಾಠದ ವೀಡಿಯೊ ನಿಂತು ನಿಂತು ಓಡುತ್ತಿತ್ತು. ತಂದೆ ಅಡಿಕೆ ಸುಲಿಯುವವರು. 20 ಮೆಗಾಬಿಟ್ ವೇಗವೆಂದು ನಂಬಿ ಹಣ ತೆರುತ್ತಿದ್ದರು. ದೂರು ಕೊಟ್ಟರೆ ಕೇಬಲಿನವರು ಬರುವಷ್ಟರಲ್ಲಿ ಮುಂದಿನ ತಿಂಗಳು ಕಾಲಿಟ್ಟಿರುತ್ತದೆ! ಬಂದವರು ಮೊಬೈಲಿನಲ್ಲಿ ವೇಗ ಪರೀಕ್ಷೆ ಮಾಡಿ, 60 ತೋರಿಸಿ, "ಕೊಟ್ಟದ್ದಕ್ಕಿಂತ ಹೆಚ್ಚೇ ಉಂಟಲ್ಲ" ಎಂದು ಹೊರಟುಹೋಗುತ್ತಿದ್ದರು. ಕೊನೆಗೆ ಇಂಥ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಲ್ಲಿಗೆ ಹೋಗಿ ಕುಳಿತೆ.

ಅವನು ತಿಳಿಸಿದ ವ್ಯವಸ್ಥೆ ಹೀಗಿದೆ. ನಮ್ಮ ಮನೆಯ ಪೆಟ್ಟಿಗೆಯು ಹೊತ್ತಿಕೊಂಡೊಡನೆ ಒಂದು ಹೆಸರನ್ನೂ ಗುಪ್ತಪದವನ್ನೂ ಸಂಸ್ಥೆಯ ದೊಡ್ಡ ರೌಟರಿಗೆ ಕಳುಹಿಸುತ್ತದೆ. ರೌಟರಿಗೆ ನಮ್ಮ ಗುರುತಿಲ್ಲ. ಅದು 'ರೇಡಿಯಸ್' ಎಂಬ ಸರ್ವರನ್ನು ಕೇಳುತ್ತದೆ. ಸರ್ವರು ಕಡತ ನೋಡಿ 'ಒಪ್ಪಿದೆ' ಅಥವಾ 'ಒಪ್ಪಿಲ್ಲ' ಎನ್ನುತ್ತದೆ. ಅಮೆರಿಕದಲ್ಲಿ 1991ರಲ್ಲಿ, ಟೆಲಿಫೋನ್ ಮೂಲಕ ಜಾಲ ಸೇರುವವರಿಗಾಗಿ ಲಿವಿಂಗ್‌ಸ್ಟನ್ ಎಂಬ ಸಂಸ್ಥೆ ರೂಪಿಸಿದ ಕ್ರಮವಿದು. ಇಂದಿಗೂ ಇದೇ ನಡೆಯುತ್ತಿದೆ. ಒಪ್ಪಿಗೆಯ ಉತ್ತರದೊಡನೆ ಕೆಲವು ಗುಣಲಕ್ಷಣಗಳು, ಅವರ ಭಾಷೆಯಲ್ಲಿ ಆಟ್ರಿಬ್ಯೂಟುಗಳು, ಅಂಕೆ ಹಾಕಿ ಬರುತ್ತವೆ: 8ನೆಯದು ಮನೆಗೆ ಕೊಡುವ ವಿಳಾಸ, 27ನೆಯದು ಸಂಪರ್ಕದ ಅವಧಿ.

ಸೋಜಿಗವೆಂದರೆ 2000ದಲ್ಲಿ ಪ್ರಕಟವಾದ ಇದರ ಮೂಲ ನಿಯಮಾವಳಿಯಲ್ಲಿ ವೇಗಕ್ಕೆಂದು ಒಂದು ಲಕ್ಷಣವೇ ಇಲ್ಲ! 26ನೆಯದನ್ನು ಮಾತ್ರ 'ತಯಾರಕರು ತಮಗೆ ಬೇಕಾದಂತೆ ತುಂಬಿಕೊಳ್ಳಲಿ' ಎಂದು ತೆರವು ಬಿಟ್ಟಿದ್ದಾರೆ. ವೇಗವೆಲ್ಲ ಅಲ್ಲಿಂದ ನುಸುಳಿತು. ಹೀಗಾಗಿ ಒಂದೊಂದು ಕಂಪೆನಿಯ ರೌಟರಿಗೆ ಒಂದೊಂದು ಬರವಣಿಗೆ. ಸಣ್ಣ ಸಂಸ್ಥೆಗಳು ಧಾರಾಳವಾಗಿ ಬಳಸುವ ಲಾಟ್ವಿಯ ದೇಶದ ಮೈಕ್ರೋಟಿಕ್ ರೌಟರಿನಲ್ಲಿ ಅದು 'ರೇಟ್ ಲಿಮಿಟ್' ಎಂಬ ಒಂದು ಸಾಲು. 10ಎಂ/20ಎಂ ಎಂದು ಬರೆದರೆ ಮೊದಲಿನದು ಮನೆಯಿಂದ ಹೋಗುವ ವೇಗ, ಎರಡನೆಯದು ಮನೆಗೆ ಬರುವ ವೇಗ. ಏಕೆಂದರೆ ಲೆಕ್ಕ ರೌಟರಿನ ಕಣ್ಣಿನಿಂದ. ಹೊಸಬರು ಇದನ್ನು ತಿರುಗುಮುರುಗಾಗಿ ಬರೆದರೆ ಗಿರಾಕಿಗೆ ಅರ್ಧ ವೇಗ.

ಅದೇ ಸಾಲಿನ ಮುಂದೆ ಇನ್ನಷ್ಟು ಅಂಕೆಗಳನ್ನು ಸೇರಿಸಬಹುದು. ಅದಕ್ಕೆ 'ಬರ್ಸ್ಟ್' ಎಂದು ಹೆಸರು. ತೋಡಿನ ಕಟ್ಟದ ಹಲಗೆ ತೆಗೆದರೆ ಮೊದಲು ನೀರು ಧುಮುಕಿ ಆಮೇಲೆ ಸಣ್ಣಗಾಗುವುದಿಲ್ಲವೆ? ಹಾಗೆಯೇ ಇದು. ನಿಗದಿತ ವೇಗ 20, ಬರ್ಸ್ಟ್ 60, ಮಿತಿರೇಖೆ 15, ಸರಾಸರಿ ತೆಗೆಯುವ ಅವಧಿ 40 ಸೆಕೆಂಡು ಎಂದು ಬರೆದರೆ, ಸುಮ್ಮನಿದ್ದ ಸಂಪರ್ಕಕ್ಕೆ ಮೊದಲ 10 ಸೆಕೆಂಡು 60ರ ವೇಗ ಸಿಗುತ್ತದೆ (40ನ್ನು 15ರಿಂದ ಗುಣಿಸಿ 60ರಿಂದ ಭಾಗಿಸಿ ನೋಡಬಹುದು), ನಂತರ 20. ಪುಟಗಳು ಬೇಗ ತೆರೆದುಕೊಳ್ಳಲೆಂದು ಮಾಡಿದ ಅನುಕೂಲವಿದು, ತಪ್ಪೇನೂ ಅಲ್ಲ. ಆದರೆ ವೇಗ ಪರೀಕ್ಷೆ ಮುಗಿಯುವುದೂ ಬಹುಮಟ್ಟಿಗೆ ಅಷ್ಟೇ ಹೊತ್ತಿನಲ್ಲಿ. ಹುಡುಗಿಯ ಮನೆಯಲ್ಲಿ ಕಂಡ 60ರ ಗುಟ್ಟು ಇದು. ನಿಜವಾದ ವೇಗ ತಿಳಿಯಬೇಕಾದರೆ ದೊಡ್ಡ ಕಡತವೊಂದನ್ನು ಐದು ನಿಮಿಷ ಇಳಿಸಿ ನೋಡಬೇಕು.

ಇನ್ನು 20ನೆಯ ತಾರೀಕಿನ ಮಾತು. ನಾವು ಬಳಸಿದ್ದರ ಲೆಕ್ಕವನ್ನೂ ರೌಟರು ಆಗಾಗ ಅದೇ ಸರ್ವರಿಗೆ ಒಪ್ಪಿಸುತ್ತದೆ. ಯೋಜನೆಯಲ್ಲಿ ಹೇಳಿದ ಮಿತಿ ತುಂಬಿತೋ, ಸರ್ವರು ರೌಟರಿಗೆ ಹೊಸ ಸಾಲು ಕಳುಹಿಸುತ್ತದೆ. 2003ರಲ್ಲಿ ಬಂದ ಒಂದು ಸೇರ್ಪಡೆಯಿಂದ, ಸಂಪರ್ಕ ಕಡಿಯದೆಯೇ ವೇಗವನ್ನು ಬದಲಿಸಲು ಸಾಧ್ಯವಾಯಿತು. ಪೆಟ್ಟಿಗೆಯ ದೀಪ ಹಸಿರಾಗಿಯೇ ಇರುತ್ತದೆ, ವೇಗ ಮಾತ್ರ 512 ಕಿಲೋಬಿಟ್! ಅಂದರೆ ನಲ್ವತ್ತರಲ್ಲಿ ಒಂದು ಪಾಲು. ನಮ್ಮ ಹುಡುಗಿಗೆ ಆದದ್ದು ಇದೇ. ಅವಳ ಮನೆಯಲ್ಲಿ ಕೆಟ್ಟದ್ದು ಯಾವುದೂ ಇರಲಿಲ್ಲ.

ಕಾನೂನು ಇಲ್ಲವೆಂದಲ್ಲ. ಮಿತಿಯನ್ನೂ ಮಿತಿಯ ನಂತರದ ವೇಗವನ್ನೂ ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕು, ವೇಗ 512 ಕಿಲೋಬಿಟ್‌ಗಿಂತ ಇಳಿಯಬಾರದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2016ರ ಅಕ್ಟೋಬರಿನಲ್ಲಿ ನಿರ್ದೇಶಿಸಿತು. ಆಗ 512 ಇದ್ದರೆ ಬ್ರಾಡ್‌ಬ್ಯಾಂಡ್ ಎನಿಸುತ್ತಿತ್ತು. 2023ರ ಜನವರಿಯಲ್ಲಿ ಕೇಂದ್ರ ಸರಕಾರವು ಆ ವ್ಯಾಖ್ಯೆಯನ್ನು 2 ಮೆಗಾಬಿಟ್‌ಗೆ ಏರಿಸಿತು. ಹಾಗಾದರೆ ತಿಂಗಳ ಕೊನೆಯ ಹತ್ತು ದಿನ 512ರಲ್ಲಿ ತೆವಳುವ ಮನೆಯವರು ಬ್ರಾಡ್‌ಬ್ಯಾಂಡಿನ ಹಣ ಕೊಟ್ಟು ಬ್ರಾಡ್‌ಬ್ಯಾಂಡ್ ಅಲ್ಲದ್ದನ್ನು ಪಡೆಯುತ್ತಿದ್ದಾರೆಂದೇ ಅರ್ಥವಲ್ಲವೆ?

ಸಂಸ್ಥೆಗಳ ಪಕ್ಷವೂ ಉಂಟು. ಸಣ್ಣ ಕೇಬಲಿನವರು ಮೇಲಿನವರಿಂದ ಸಗಟಾಗಿ ವೇಗ ಕೊಂಡು ನೂರಾರು ಮನೆಗಳಿಗೆ ಹಂಚುವವರು. ಒಬ್ಬನೇ ಹಗಲಿರುಳು ಸಿನೆಮ ಇಳಿಸಿಕೊಂಡರೆ ಉಳಿದವರಿಗೆ ಬರಗಾಲ. ತೋಟದ ನೀರಿಗೂ ಸರದಿ ಇದೆಯಷ್ಟೆ. ಆದರೆ ನೀರಿನ ಸರದಿ ಊರವರಿಗೆಲ್ಲ ಗೊತ್ತಿರುತ್ತದೆ. ಈ ಸರದಿ ಸರ್ವರಿನ ಹೊಟ್ಟೆಯಲ್ಲಿದೆ. ನಿಗದಿತ ವೇಗ, ಬರ್ಸ್ಟ್, ಮಿತಿ, ಮಿತಿಯ ನಂತರದ ವೇಗ, ಈ ನಾಲ್ಕು ಅಂಕೆಗಳನ್ನು ರಶೀದಿಯಲ್ಲಿ ಅಚ್ಚುಹಾಕಲು ಏನು ಕಷ್ಟ? ಮಿತಿ ಮುಗಿದ ಸಂದೇಶವೂ ಆ ತಂದೆಯ ಮೊಬೈಲಿಗೆ ಬಂದಿತ್ತು. ಇಂಗ್ಲಿಷಿನಲ್ಲಿತ್ತು. ಜಾಹೀರಾತೆಂದು ಅವರು ಅಳಿಸಿಬಿಟ್ಟಿದ್ದರು.

ಈಗ ಆ ಮನೆಯಲ್ಲಿ ವೀಡಿಯೊದ ಗುಣಮಟ್ಟವನ್ನು ಇಳಿಸಿ ನೋಡುತ್ತಾರೆ. ಕಳೆದ ತಿಂಗಳು ಮಿತಿ ಮುಟ್ಟಿದ್ದು 27ಕ್ಕೆ.