ಫೋನಿನಲ್ಲಿ ಕನ್ನಡ ಅಕ್ಷರ ಗಜಿಬಿಜಿಯಾಗಿ ಕಂಡರೆ ಅದು ವೈರಸ್ಸೇ?

ಬೆಳೆ ವಿಮೆಯ ಸೂಚನೆಯೋ ಗ್ರಾಮಸಭೆಯ ನೋಟಿಸೋ ವಾಟ್ಸಾಪ್ ಗ್ರೂಪಿಗೆ ವರ್ಡ್ ಫೈಲ್ ಆಗಿ ಬರುತ್ತದೆ. ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. 'ವೈರಸ್ ಇರಬೇಕು, ಡಿಲೀಟ್ ಮಾಡಿ' ಎಂದು ಯಾರೋ ಬರೆಯುತ್ತಾರೆ. ನವಲಗುಂದ, ಅಣ್ಣಿಗೇರಿ ಕಡೆಯ ರೈತರಿಗೆ ಆ ಫೈಲಿನೊಳಗೆ ಅರ್ಜಿಯ ಕೊನೆಯ ದಿನಾಂಕವೇ ಇರಬಹುದು. ಹಾಗಾಗಿ ಇದನ್ನು ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಅಸಲಿ ಕಾರಣ ಏನು?

ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಉಳಿಸಿಡುತ್ತದೆ. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಜಾಗದಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಕನ್ನಡಕ್ಕೆ ಬೇರೆ ದಾರಿ ಸುಲಭವಾಗಿ ಸಿಗದಿದ್ದ ಕಾಲದಲ್ಲಿ ಇದು ಬಹಳ ಉಪಕಾರ ಮಾಡಿತು. ಆದರೆ ಫೈಲಿನೊಳಗೆ ಉಳಿಯುವುದು ಇಂಗ್ಲಿಷ್ ಅಕ್ಷರದ ಸಂಖ್ಯೆಯೇ. ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ಕನ್ನಡ ಕಾಣುತ್ತದೆ. ನಿಮ್ಮ ಫೋನಿನಲ್ಲಿ ಆ ಫಾಂಟ್ ಇಲ್ಲ, ಆದ್ದರಿಂದ ಇಂಗ್ಲಿಷ್ ಕಾಣುತ್ತದೆ.

ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ ಸ್ವಂತ ಸಂಖ್ಯೆಗಳಿವೆ. 'ಕ' ಎಂದರೆ ಎಲ್ಲೆಡೆಯೂ 3221. ಹಾಗಾಗಿ ಯೂನಿಕೋಡಿನಲ್ಲಿ ಬರೆದದ್ದು ಯಾವ ಫೋನಿಗೆ ಹೋದರೂ ಕನ್ನಡವಾಗಿಯೇ ಉಳಿಯುತ್ತದೆ.

ನೋಡಿದ ಕೂಡಲೇ ಗುರುತಿಸಿ

• ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು: ಹಳೆಯ ಫಾಂಟಿನ ಬರಹ. ಕನ್ವರ್ಟರ್ ಬಳಸಿ ಯೂನಿಕೋಡಿಗೆ ಬದಲಾಯಿಸಬಹುದು.
• ತಲೆಯ ಮೇಲೆ ಓರೆ ಗೆರೆಯಿರುವ ಇಂಗ್ಲಿಷಿನ ಸಣ್ಣ 'ಎ' ಪದೇ ಪದೇ ಬಂದರೆ: ಇದು ಯೂನಿಕೋಡ್ ಕನ್ನಡವೇ, ಓದುವ ಆ್ಯಪ್ ಅಥವಾ ವೆಬ್‌ಸೈಟ್ ತಪ್ಪಾಗಿ ಓದುತ್ತಿದೆ.
• ಖಾಲಿ ಚೌಕಗಳು: ಫೋನಿನಲ್ಲಿ ಕನ್ನಡ ಫಾಂಟ್ ಇಲ್ಲ. ಮಾಹಿತಿ ಸುರಕ್ಷಿತವಾಗಿದೆ.
• ಬರೀ ಪ್ರಶ್ನಾರ್ಥಕ ಚಿಹ್ನೆಗಳು: ಉಳಿಸುವಾಗಲೇ ಅಕ್ಷರ ಅಳಿಸಿಹೋಗಿರುವುದೇ ಹೆಚ್ಚು. ಕಳುಹಿಸಿದವರಿಂದ ಮೂಲ ಪ್ರತಿ ಕೇಳಿ.

ಹಾಗಾದರೆ ಅಕ್ಷರದಿಂದ ಫೋನ್ ಕೆಡುವುದೇ ಇಲ್ಲವೇ?

ಒಂದು ನಿಜವಾದ ಘಟನೆ ಇದೆ. 2018ರ ಫೆಬ್ರುವರಿಯಲ್ಲಿ ತೆಲುಗಿನ ಒಂದು ಒತ್ತಕ್ಷರ ಬಂದರೆ ಐಫೋನಿನ ಮೆಸೇಜ್ ಆ್ಯಪ್‌ಗಳು ಮುಚ್ಚಿಕೊಳ್ಳುತ್ತಿದ್ದವು. ಅದೂ ವೈರಸ್ ಅಲ್ಲ, ಅಕ್ಷರ ಬಿಡಿಸುವ ತಂತ್ರಾಂಶದ ದೋಷ. ಆ್ಯಪಲ್ ಅದೇ ತಿಂಗಳು ಅಪ್‌ಡೇಟ್ ಕೊಟ್ಟು ಸರಿಪಡಿಸಿತು.

ನಿಜವಾಗಿ ಹುಷಾರಾಗಿರಬೇಕಾದದ್ದು ಬೇರೆಡೆ. 'ಈ ಫೈಲ್ ಓದಲು ಈ ಎಪಿಕೆ ಹಾಕಿಕೊಳ್ಳಿ' ಎಂಬ ಲಿಂಕ್ ಬಂದರೆ ಒತ್ತಬೇಡಿ. ಕನ್ನಡ ಓದಲು ಹೊರಗಿನ ಎಪಿಕೆ ಬೇಕಿಲ್ಲ. ಗುರುತಿಲ್ಲದ ನಂಬರಿನಿಂದ ಬಂದ ಫೈಲನ್ನೂ ತೆರೆಯಬೇಡಿ.

ವೆಬ್‌ಸೈಟ್ ಮಾಡುವವರಿಗೆ ನಾಲ್ಕು ಮಾತು

ಕಲಘಟಗಿಯ ತೊಟ್ಟಿಲು, ನವಲಗುಂದದ ಜಮಖಾನೆ ಮಾರಲು ಯಾರಾದರೂ ವೆಬ್‌ಸೈಟ್ ಮಾಡಿ, ಹೆಸರನ್ನು ಹಳೆಯ ಫಾಂಟಿನಲ್ಲಿ ಹಾಕಿದರೆ, ಕನ್ನಡದಲ್ಲಿ ಹುಡುಕಿದ ಗಿರಾಕಿಗೆ ಅದು ಸಿಗುವುದೇ ಇಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶವೂ ಅದನ್ನು ಇಂಗ್ಲಿಷ್ ಎಂದುಕೊಂಡು ಓದುತ್ತದೆ. ತಪ್ಪಿಸಲು:

1. ಪುಟದ ಕೋಡಿನ ಆರಂಭದಲ್ಲೇ, ಮೊದಲ 1024 ಬೈಟುಗಳೊಳಗೆ, ಮೆಟಾ ಚಾರ್‌ಸೆಟ್ 'ಯುಟಿಎಫ್-8' ಎಂದು ಘೋಷಿಸಿ. ಫೈಲನ್ನೂ ಅದರಲ್ಲೇ ಸೇವ್ ಮಾಡಿ.
2. ಪುಟದ ಭಾಷೆ ಕನ್ನಡ ಎಂದು ಲ್ಯಾಂಗ್ ಗುಣದಲ್ಲಿ 'ಕೆಎನ್' ಸಂಕೇತ ಹಾಕಿ.
3. ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ 'ಯುಟಿಎಫ್8ಎಂಬಿ4' ಆರಿಸಿ. ಹಳೆಯ ಆವೃತ್ತಿಗಳ 'ಯುಟಿಎಫ್8' ಒಂದು ಅಕ್ಷರಕ್ಕೆ 3 ಬೈಟ್ ಮಾತ್ರ ಕೊಡುತ್ತದೆ. ಕನ್ನಡಕ್ಕೆ ಅಷ್ಟು ಸಾಕು, ಆದರೆ 4 ಬೈಟಿನ ಇಮೋಜಿ ಅದರಲ್ಲಿ ಹಿಡಿಯುವುದಿಲ್ಲ.
4. ನೋಟೊ ಸಾನ್ಸ್ ಕನ್ನಡದಂಥ ಉಚಿತ ಯೂನಿಕೋಡ್ ಫಾಂಟನ್ನು ಪುಟಕ್ಕೆ ಜೋಡಿಸಿ.

ನೋಟಿಸ್ ಟೈಪ್ ಮಾಡಿಸುವವರಿಗೆ

ಟೈಪ್ ಮಾಡುವವರಿಗೆ 'ಯೂನಿಕೋಡಿನಲ್ಲಿ ಹಾಕಿರಿ' ಎಂದು ಹೇಳಿ. ಈಗಿನ ನುಡಿ, ಬರಹ ಎರಡರಲ್ಲೂ ಆ ಸೌಲಭ್ಯವಿದೆ. ಹಳೆಯ ಫಾಂಟಿನಲ್ಲೇ ಮಾಡಿದ್ದರೆ ಪಿಡಿಎಫ್ ಮಾಡಿಸಿ ಕಳುಹಿಸಿ. ಫಾಂಟ್ ಅದರೊಳಗೇ ಸೇರಿಕೊಂಡರೆ ಓದಲು ತೊಂದರೆಯಾಗದು, ಆದರೂ ಅದರಿಂದ ಕಾಪಿ ಮಾಡಿದರೆ ಮತ್ತೆ ಗಜಿಬಿಜಿ.

ಒಟ್ಟಿನಲ್ಲಿ: ಓದಲಾಗದ ಕನ್ನಡ ಬಹುತೇಕ ಫಾಂಟಿನ ತೊಂದರೆ. 'ವೈರಸ್' ಎಂದು ಫಾರ್ವರ್ಡ್ ಮಾಡುವ ಮೊದಲು, ಕಳುಹಿಸಿದವರಿಗೆ ಒಂದು ಫೋನ್ ಮಾಡಿ ಅದರಲ್ಲಿ ಏನಿದೆ ಎಂದು ಕೇಳಿ.