ನೀರು ಸುರಿಯುವ ಕಣ್ಣೂ ಒಣಗಿರಬಹುದು!

ಸಂಜೆಯಾಗುತ್ತಲೇ ನಿಮ್ಮ ಕಣ್ಣು ಚುರುಚುರು ಅನ್ನುತ್ತವೆಯೇ? ಒಳಗೆ ಉಸುಕು ಬಿದ್ದಂತೆ, ಎಷ್ಟು ತೊಳೆದರೂ ಹೋಗದಂತೆ ಅನಿಸುತ್ತದೆಯೇ? ಸೂಜಿಗೆ ದಾರ ಪೋಣಿಸುವಾಗ ನೋಟ ಮಸುಕಾಗಿ, ನಾಲ್ಕು ಸಲ ರೆಪ್ಪೆ ಬಡಿದರೆ ಮತ್ತೆ ತಿಳಿಯಾಗುತ್ತದೆಯೇ? ಗಾಳಿಗೆ ಹೊರಗೆ ಹೋದರೆ ಸಾಕು, ಅಳದಿದ್ದರೂ ನೀರು ಸುರಿಯುತ್ತದೆಯೇ? ಹಾಗಿದ್ದರೆ ನಿಮ್ಮದು ಒಣ ಕಣ್ಣು ಆಗಿರಬಹುದು. ವೈದ್ಯರು ಡ್ರೈ ಐ ಅನ್ನುವುದು ಇದಕ್ಕೇ.

“ನೀರು ಸುರಿತಾವ ಅಂದ್ಮ್ಯಾಲ ಒಣಗೋದು ಎಲ್ಲಿಂದ ಬಂತ್ರಿ?” ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಕಣ್ಣಿನ ಮೇಲೆ ಸದಾ ಇರುವ ತೇವ ಬರೀ ನೀರಲ್ಲ. ತಳದಲ್ಲಿ ಲೋಳೆ, ನಡುವೆ ನೀರು, ಮೇಲೆ ತೆಳ್ಳಗೆ ಎಣ್ಣೆ, ಇವು ಮೂರೂ ಸೇರಿದ ಪದರ ಅದು. ಎಣ್ಣೆ ತೇಲುವ ಸಾರು ಬೇಗ ಆರುವುದಿಲ್ಲ ನೋಡಿ, ಹಾಗೆಯೇ ಆ ಎಣ್ಣೆ ಕಣ್ಣಿನ ನೀರು ಆವಿಯಾಗದಂತೆ ತಡೆಯುತ್ತದೆ. ಈ ಎಣ್ಣೆಯನ್ನು ಕೊಡುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿ ಕುಳಿತ ಸಣ್ಣ ಸಣ್ಣ ಗ್ರಂಥಿಗಳು. ಅವುಗಳ ಬಾಯಿ ಕಟ್ಟಿಕೊಂಡರೆ ಇಲ್ಲವೇ ನೀರೇ ಕಡಿಮೆ ಬಂದರೆ ಪದರ ಅಲ್ಲಲ್ಲಿ ಹರಿಯುತ್ತದೆ. ಹರಿದಲ್ಲಿ ಉರಿ ಶುರು. ಉರಿ ಆಗುತ್ತಲೇ ಗಾಬರಿಯಾದ ಕಣ್ಣು ಒಮ್ಮೆಲೇ ನೀರು ಸುರಿಸುತ್ತದೆ. ಆದರೆ ಆ ನೀರು ಕಣ್ಣಿಗೆ ಅಂಟಿ ನಿಲ್ಲುವುದಿಲ್ಲ, ಕೆನ್ನೆಗೆ ಹರಿದು ಹೋಗುತ್ತದೆ. ಒಂದು ತಾಸಿಗೆ ಮತ್ತೆ ಅದೇ ಉರಿ.

ಇಷ್ಟಾದರೆ ಇದು ಎಲ್ಲ ಊರಿನ ಮಾತಾಯಿತು. ನಮ್ಮ ಯಾದಗಿರಿ, ಶಹಾಪುರ, ಸುರಪುರದ ಹೆಣ್ಣುಮಕ್ಕಳಿಗೆ ಇದನ್ನು ಬೇರೆಯಾಗಿ ಹೇಳಬೇಕಾದ ಕಾರಣಗಳಿವೆ.

ಮೊದಲನೆಯದು ಬಿಸಿಲು. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 42, 43 ಡಿಗ್ರಿ ಅನ್ನುವುದು ಸುದ್ದಿಯೇ ಅಲ್ಲ. ಸರ್ಕಾರಕ್ಕೂ ಇದು ಗೊತ್ತು. 2025ರ ಬೇಸಿಗೆಯಲ್ಲೂ ಕಲಬುರಗಿ ವಿಭಾಗದ ಜಿಲ್ಲೆಗಳಿಗೆ, ಜೊತೆಗೆ ವಿಜಯಪುರ, ಬಾಗಲಕೋಟೆಗೆ ಸರ್ಕಾರಿ ಕಚೇರಿ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸಿದ್ದರು. ಒಳ್ಳೆಯ ಕ್ರಮ, ಅದರ ಬಗ್ಗೆ ತಕರಾರಿಲ್ಲ. ಆದರೆ ಕಚೇರಿಯಿಂದ ಯಜಮಾನರು ಒಂದೂವರೆಗೆ ಮನೆಗೆ ಬಂದರೆ ಬಿಸಿ ರೊಟ್ಟಿ ಬಡಿಯುವವರು ಯಾರು? ಒಲೆಯ ಮುಂದೆ ಕುಳಿತವರ ಸಮಯವನ್ನು ಯಾವ ಆದೇಶವೂ ಬದಲಿಸಿಲ್ಲ!

ಎರಡನೆಯದು ಆ ಒಲೆ. ಉಜ್ವಲಾ ಯೋಜನೆ 2016ರಲ್ಲಿ ಬಂತು, ಬಹಳ ಮನೆಗಳಿಗೆ ಸಿಲಿಂಡರ್ ಬಂತು. ಆದರೂ ಜೋಳದ ರೊಟ್ಟಿಗೆ, ಸ್ನಾನದ ನೀರಿಗೆ ತೊಗರಿ ಕಟಗಿ, ಹತ್ತಿ ಕಟಗಿಯ ಒಲೆ ಹಚ್ಚುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇವೆ. ಸಿಲಿಂಡರ್ ಖಾಲಿಯಾದೀತು ಎಂಬ ಲೆಕ್ಕಾಚಾರ ಯಾವ ಗೃಹಿಣಿಗೆ ಗೊತ್ತಿಲ್ಲ? ಹೊಗೆ ಕಣ್ಣಿನ ಪದರವನ್ನು ಕೆಡಿಸುತ್ತದೆ, ಒಲೆಯ ಝಳ ಇದ್ದ ನೀರನ್ನೂ ಆರಿಸುತ್ತದೆ. ಇದರ ಜೊತೆಗೆ ಬೇಸಿಗೆಯಲ್ಲಿ ವರ್ಷದ ಖಾರ ಕುಟ್ಟಿಸುವ ಕೆಲಸ. ಹಿಂಗಾರಿನ ಹೊತ್ತಿಗೆ ಹತ್ತಿ ಬಿಡಿಸುವುದು, ಆಮೇಲೆ ಮೆಣಸಿನಕಾಯಿ ಬಿಡಿಸುವುದು, ತೊಗರಿ ರಾಶಿಯ ದೂಳು. ಹತ್ತಿ, ಮೆಣಸಿಗೆ ‘ಎಣ್ಣಿ’ ಹೊಡೆದ ಮಾರನೇ ದಿನವೇ ಕೂಲಿಗೆ ಇಳಿಯುವುದೂ ಉಂಟು. ಇವೆಲ್ಲ ಹೆಚ್ಚಾಗಿ ಹೆಂಗಸರ ಕೆಲಸಗಳೇ.

ಇನ್ನು ಸೈದಾಪುರ ಸಮೀಪದ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಯವರು ರಾಸಾಯನಿಕ ಕಾರ್ಖಾನೆಗಳ ದುರ್ವಾಸನೆಯ ಬಗ್ಗೆ ದೂರುತ್ತಾ ಬಂದಿದ್ದಾರೆ. ಅಲ್ಲಿನ ಕಣ್ಣುರಿಯೆಲ್ಲ ಅದರಿಂದಲೇ ಅಂತ ಇಲ್ಲಿ ಕುಳಿತು ತೀರ್ಪು ಕೊಡುವುದು ಸರಿಯಲ್ಲ. ಗಾಳಿಯನ್ನೂ ಕಣ್ಣನ್ನೂ ಜೊತೆಜೊತೆಗೇ ಪರೀಕ್ಷಿಸಿದರೆ ಮಾತ್ರ ತಿಳಿದೀತು. ಹಾಗೆ ಪರೀಕ್ಷಿಸಿ ಅಂತ ಕೇಳುವ ಹಕ್ಕಂತೂ ಅವರಿಗಿದೆ.

ಮೂರನೆಯದು ನಮ್ಮ ವಯಸ್ಸು ಮತ್ತು ದೇಹ. ಒಣ ಕಣ್ಣು ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಮುಟ್ಟು ನಿಲ್ಲುವ ಹೊತ್ತಿನಲ್ಲಿ ಹಾರ್ಮೋನುಗಳು ಏರುಪೇರಾದಾಗ ಕಣ್ಣಿನ ಎಣ್ಣೆ, ನೀರು ಎರಡೂ ಕುಗ್ಗಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್, ಸಂಧಿವಾತ ಇದ್ದವರಿಗೆ ಇನ್ನಷ್ಟು. ನೆಗಡಿ, ಅಲರ್ಜಿಗೆ ನುಂಗುವ ಕೆಲವು ಮಾತ್ರೆಗಳೂ ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆಗಳೂ ಕಣ್ಣನ್ನು ಒಣಗಿಸುತ್ತವೆ. ಹಾಗಂತ ಮಾತ್ರೆಯನ್ನು ನೀವೇ ಬಿಡಬೇಡಿ, ಕೊಟ್ಟ ವೈದ್ಯರನ್ನು ಕೇಳಿ.

ಕ್ಯಾಂಪಿನಲ್ಲಿ ಸಿಗದ ಕಾಯಿಲೆ

ನಮ್ಮ ಅಜ್ಜಿಯರ ಕಾಲದಿಂದ ಕಣ್ಣಿನ ಕಾಯಿಲೆ ಅಂದರೆ ಪೊರೆ ಅಂತಲೇ ಲೆಕ್ಕ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಕ್ಯಾಂಪ್ ಹಾಕಿ ಪೊರೆ ತೆಗೆದರು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹಿರಿಯರು ಮತ್ತೆ ಲೋಕ ನೋಡಿದ್ದು ಅವರ ಕೈಯಿಂದ. ದೇಶದ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಲ್ಲಿ ಶುರುವಾದಾಗಿನಿಂದ ಪೊರೆಯೇ ಅದರ ಮುಖ್ಯ ಗುರಿ. ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವೇರಿಯಲ್ಲಿ ‘ಆಶಾಕಿರಣ’ ದೃಷ್ಟಿ ಕೇಂದ್ರಗಳಿಗೆ ಚಾಲನೆ ಕೊಟ್ಟಿತು. ಮನೆ ಮನೆ ತಪಾಸಣೆ, ಉಚಿತ ಕನ್ನಡಕ, ಪೊರೆಯ ಆಪರೇಷನ್, ಎಲ್ಲವೂ ಬೇಕಾದದ್ದೇ. ಮೊದಲ ಎಂಟು ಜಿಲ್ಲೆಗಳಲ್ಲಿ ಅಕ್ಕಪಕ್ಕದ ಕಲಬುರಗಿ, ರಾಯಚೂರು ಇದ್ದವು, ಯಾದಗಿರಿ ಇರಲಿಲ್ಲ. ಅದು ಒಂದು ಬೇಸರ.

ಆದರೆ ನಾನು ಹೇಳಹೊರಟಿದ್ದು ಇನ್ನೊಂದು. ಇಂಥ ತಪಾಸಣೆಯಲ್ಲಿ ಮೊದಲು ಮಾಡುವುದು ಗೋಡೆಯ ಅಕ್ಷರ ಓದಿಸುವುದು. ಒಣ ಕಣ್ಣಿನವರು ರೆಪ್ಪೆ ಬಡಿದು ಬಡಿದು ಕೊನೆಯ ಸಾಲನ್ನೂ ಓದಿಬಿಡುತ್ತಾರೆ! “ನಿಮ್ಮ ಕಣ್ಣು ಚೊಲೋ ಅದಾವ, ಏನಿಲ್ಲ ಹೋಗ್ರಿ” ಅಂದುಬಿಟ್ಟರೆ ಮುಗಿಯಿತು. ಕುರುಡು ತರದ ಕಾಯಿಲೆ, ಆಪರೇಷನ್ ಬೇಡದ ಕಾಯಿಲೆ, ಹೀಗಾಗಿ ಪಟ್ಟಿಗೆ ಬರುವುದಿಲ್ಲ. ಮನೆಗೆ ಬಂದರೆ, “ಕ್ಯಾಂಪಿನಾಗ ಏನೂ ಇಲ್ಲ ಅಂದಾರಲ್ಲ, ಮತ್ತೇನು ನಿಂದು?” ಅನ್ನುವ ಮಾತು ಬೇರೆ.

ಆಗ ಅವಳು ಹೋಗುವುದು ಎಲ್ಲಿಗೆ? ಔಷಧಿ ಅಂಗಡಿಗೆ. “ಕಣ್ಣು ಉರಿತಾವ, ಡ್ರಾಪ್ಸ್ ಕೊಡ್ರಿ.” ಅಪಾಯ ಇರುವುದು ಇಲ್ಲಿ. ಕೆಂಪು ಬೇಗ ಇಳಿಯಲಿ ಅಂತ ಸ್ಟೆರಾಯ್ಡ್ ಇರುವ ಹನಿ ಕೈಗೆ ಬರಬಹುದು. ಎರಡೇ ದಿನಕ್ಕೆ ಕಣ್ಣು ತಿಳಿಯಾಗುತ್ತದೆ, ನೆರೆಮನೆಯವರಿಗೂ ಅದೇ ಬಾಟಲಿ ಹೋಗುತ್ತದೆ. ವೈದ್ಯರ ನಿಗಾ ಇಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಅದೇ ಹನಿ ಕಣ್ಣಿನ ಒತ್ತಡ ಏರಿಸಿ ಗ್ಲುಕೋಮಾ ತರಬಹುದು. ಹೋದ ನೋಟ ಮತ್ತೆ ಬರುವುದಿಲ್ಲ. ಪೊರೆಯೂ ಬೇಗ ಬರಬಹುದು. ಹೊಲದಲ್ಲಿ ದುಡಿಯುವವರಿಗಂತೂ ಇದು ದೊಡ್ಡ ಗಂಡಾಂತರ. ಜೋಳದ ಗರಿ, ಹತ್ತಿ ಕಡ್ಡಿ, ಭತ್ತದ ಹೊಟ್ಟು ತಾಗಿದ ಕಣ್ಣಿನಲ್ಲಿ ಬೂಷ್ಟು ಸೋಂಕು ಆಗುವುದುಂಟು. ಅಂಥ ಹುಣ್ಣಿಗೆ ಸ್ಟೆರಾಯ್ಡ್ ಹಾಕಿದರೆ ಬೆಂಕಿಗೆ ಎಣ್ಣೆ ಸುರಿದ ಹಾಗೆ. ಆದ್ದರಿಂದ ಬಾಟಲಿಯ ಮೇಲೆ ಡೆಕ್ಸಾಮೆಥಸೋನ್, ಬೆಟಾಮೆಥಸೋನ್, ಪ್ರೆಡ್ನಿಸೊಲೋನ್ ಅಂತಿದ್ದರೆ ಚೀಟಿ ಇಲ್ಲದೆ ಮುಟ್ಟಬೇಡಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಓದಿಸಿ. ಕೆಂಪು ಮಾತ್ರ ಇಳಿಸುವ, ‘ಕಣ್ಣು ಬೆಳ್ಳಗೆ ಮಾಡುವ’ ಹನಿಗಳೂ ಬೇಡ. ಬಿಟ್ಟ ಕೂಡಲೇ ಇನ್ನೂ ಕೆಂಪಾಗುತ್ತವೆ.

ಮನೆಮದ್ದಿನ ಬಗ್ಗೆ ಹೇಳಿದರೆ ಹಿರಿಯರಿಗೆ ಸಿಟ್ಟು ಬರಬಹುದು, ಆದರೂ ಹೇಳಬೇಕು. ಎದೆಹಾಲು, ಜೇನು, ಈರುಳ್ಳಿ ರಸ, ಮನೆಯ ಹರಳೆಣ್ಣೆ, ಅಂಗಡಿಯ ಗುಲಾಬಿ ನೀರು, ಯಾವುದನ್ನೂ ಕಣ್ಣೊಳಗೆ ಬಿಡಬೇಡಿ. ಯಾವುದೂ ಕ್ರಿಮಿಮುಕ್ತವಲ್ಲ. ತಲೆಗೆ ಹರಳೆಣ್ಣೆ ಹಚ್ಚಿಕೊಳ್ಳಿ, ಬೇಡ ಅನ್ನುವವರು ಯಾರು! ಕಾಡಿಗೆಯನ್ನು ರೆಪ್ಪೆಯ ಒಳ ಅಂಚಿಗೆ ಹಚ್ಚಿದರೆ ಆ ಎಣ್ಣೆ ಗ್ರಂಥಿಗಳ ಬಾಯಿ ಮುಚ್ಚುತ್ತದೆ. ಹಬ್ಬಕ್ಕೆ ಹಚ್ಚಿದರೂ ಹೊರಗಡೆ ಹಚ್ಚಿ, ರಾತ್ರಿ ಒರೆಸಿ ಮಲಗಿ.

ಹಾಗಾದರೆ ಮಾಡಬೇಕಾದ್ದೇನು?

ಖರ್ಚಿಲ್ಲದ್ದು ಮೊದಲು. ಸ್ವಚ್ಛ ಬಟ್ಟೆಯನ್ನು ಬಿಸಿ ನೀರಿಗೆ ಅದ್ದಿ, ಹಿಂಡಿ, ಮುಂಗೈ ಒಳಭಾಗಕ್ಕೆ ಇಟ್ಟು ನೋಡಿ. ಹಿತವಾದ ಬಿಸಿ ಅನಿಸಿದರೆ ಮುಚ್ಚಿದ ಕಣ್ಣಿನ ಮೇಲಿಡಿ. ಆರಿದರೆ ಮತ್ತೆ ಅದ್ದಿ. ಹೀಗೆ 5ರಿಂದ 10 ನಿಮಿಷ. ಗಟ್ಟಿಯಾದ ಎಣ್ಣೆ ಕರಗುತ್ತದೆ. ಆಮೇಲೆ ಸ್ವಚ್ಛ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೆಳಗೆ, ಕೆಳಗಿನದನ್ನು ಮೇಲೆ, ರೆಪ್ಪೆಗೂದಲಿನ ಕಡೆಗೆ ಮೆಲ್ಲಗೆ ನೀವಿ. ಗುಡ್ಡೆಯನ್ನು ಒತ್ತಬೇಡಿ. ನಮ್ಮ ಬಿಸಿಲಲ್ಲಿ ಬಿಸಿ ಬಟ್ಟೆಯೇ ಅಂತ ನಗಬೇಡಿ. ಉರಿಗೆ ತಣ್ಣೀರು ಹಿತ ನಿಜ, ಆದರೆ ಕಟ್ಟಿದ ಎಣ್ಣೆ ಕರಗಲು ಬಿಸಿಯೇ ಬೇಕು. ಒಂದೆರಡು ದಿನಕ್ಕೆ ಗುಣ ಕಾಣದು, ಮೂರು–ನಾಲ್ಕು ವಾರ ಬಿಡದೆ ಮಾಡಿ.

ಇನ್ನೊಂದು ರೆಪ್ಪೆ ಬಡಿಯುವುದು. ಸಾಮಾನ್ಯವಾಗಿ ನಾವು ನಿಮಿಷಕ್ಕೆ 15 ಸಲ ಬಡಿಯುತ್ತೇವೆ. ಮೊಬೈಲ್ ನೋಡುವಾಗ, ಹೊಲಿಗೆ ಯಂತ್ರದ ಮುಂದೆ, ಅದು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಬಡಿದರೂ ಅರ್ಧ ಮಾತ್ರ ಮುಚ್ಚುತ್ತೇವೆ. ಆಗಾಗ ಕೆಲಸ ನಿಲ್ಲಿಸಿ, ಎರಡೂ ರೆಪ್ಪೆ ಕೂಡುವಂತೆ ಹತ್ತು ಸಲ ನಿಧಾನ ಬಡಿಯಿರಿ. ಬೀಡಿ, ಸಿಗರೇಟಿನ ಹೊಗೆ ನಿಮ್ಮ ಮುಖಕ್ಕೆ ಬಾರದಂತೆ ಮನೆಯ ಗಂಡಸರಿಗೆ ಹೇಳುವುದೂ ಚಿಕಿತ್ಸೆಯೇ. ರಾತ್ರಿ ಕೂಲರ್ ಇಲ್ಲವೇ ಟೇಬಲ್ ಫ್ಯಾನಿನ ಗಾಳಿ ನೇರ ಮುಖಕ್ಕೆ ಬೇಡ, ಕಾಲಿನ ಕಡೆ ತಿರುಗಿಸಿ. ಹೊಲಕ್ಕೆ, ರಾಶಿಗೆ ಹೋಗುವಾಗ ಬದಿಯೂ ಮುಚ್ಚುವ ಅಗ್ಗದ ಕನ್ನಡಕ ಸಾಕು. “ಕೂಲಿಗೆ ಹೋಗಾಕಿಗೆ ಯಾತರ ಚಾಳೀಸು” ಅಂತ ನಕ್ಕರೆ ನಗಲಿ. ಮೆಣಸಿನಕಾಯಿ ತೊಟ್ಟು ಮುರಿದ ಕೈಯಿಂದ ಕಣ್ಣು ಒರೆಸಬೇಡಿ ಅಂತ ನಿಮಗೆ ಹೇಳಬೇಕಿಲ್ಲ. ಆದರೆ ಸೆರಗಿನ ತುದಿಗೂ ಅದೇ ಖಾರ ಅಂಟಿರುತ್ತದೆ, ಅದು ನೆನಪಿರಲಿ.

ಖರ್ಚಿನದು ಅಂದರೆ ಕೃತಕ ಕಣ್ಣೀರು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅನ್ನುವ ಹೆಸರು ಬಾಟಲಿಯ ಮೇಲಿದ್ದರೆ ಅದು ತೇವ ಕೊಡುವ ಹನಿ, ಸ್ಟೆರಾಯ್ಡ್ ಅಲ್ಲ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಕಾಗುತ್ತಿದ್ದರೆ ಕೆಡದಂತೆ ಸೇರಿಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಇಲ್ಲದ್ದನ್ನು ಕೇಳಿ, ಅದು ಪದೇ ಪದೇ ಬಿದ್ದರೆ ಕಣ್ಣಿಗೇ ಕಿರಿಕಿರಿ. ಅದು ತುಸು ದುಬಾರಿ. ಸರ್ಕಾರಿ ಆಸ್ಪತ್ರೆಯಲ್ಲಿ ಏನು ಸಿಗುತ್ತದೆ ಅಂತ ಮೊದಲು ವಿಚಾರಿಸಿ.

ತಿಂಗಳಾದರೂ ಇಳಿಯದಿದ್ದರೆ ಕಣ್ಣಿನ ವೈದ್ಯರ ಹತ್ತಿರ ಹೋಗಲೇಬೇಕು. ಯಾದಗಿರಿಯಲ್ಲಿ ಈಗ ವೈದ್ಯಕೀಯ ಕಾಲೇಜು ಇದೆ. ಶಹಾಪುರ, ಸುರಪುರದವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣು ನೋಡುವವರು ಯಾವ ದಿನ ಇರುತ್ತಾರೆ ಅಂತ ಕೇಳಿಕೊಂಡು ಹೋಗಿ, ಬಸ್ಸಿನ ಚಾರ್ಜು ಉಳಿದೀತು. ಅಲ್ಲಿ “ಕಣ್ಣು ಕಾಣೋದಿಲ್ಲ” ಅನ್ನಬೇಡಿ. “ಕಾಣ್ತಾವ, ಆದರ ಸಂಜಿಗೆ ಉರಿತಾವ, ಉಸುಕು ಬಿದ್ದಂಗ ಆಗ್ತದ, ಗಾಳಿಗೆ ನೀರು ಬರ್ತಾವ” ಅಂತ ಬಿಡಿಸಿ ಹೇಳಿ. ಅಕ್ಷರದ ಹಲಗೆಗೇ ಮುಗಿಸಿದರೆ, “ಕಣ್ಣೀರು ಪರೀಕ್ಷೆ ಮಾಡ್ತೀರೇನ್ರಿ?” ಅಂತ ಕೇಳಿ. ಅದು ದೊಡ್ಡ ಯಂತ್ರದ ಮಾತಲ್ಲ. ಸಣ್ಣ ಕಾಗದದ ಪಟ್ಟಿಯನ್ನು ಕೆಳ ರೆಪ್ಪೆಗೆ ಸಿಕ್ಕಿಸಿ 5 ನಿಮಿಷದಲ್ಲಿ ಎಷ್ಟು ಒದ್ದೆಯಾಯಿತು ಅಂತ ಅಳೆಯುತ್ತಾರೆ. 10 ಮಿಲಿಮೀಟರಿಗಿಂತ ಕಡಿಮೆಯಾದರೆ ನೀರು ಸಾಲದು ಅಂತ ಅನುಮಾನ, 5ಕ್ಕಿಂತ ಕಡಿಮೆ ಇದ್ದರೆ ತೀವ್ರ. ಇನ್ನೊಂದರಲ್ಲಿ ಬಣ್ಣದ ಹನಿ ಹಾಕಿ, ರೆಪ್ಪೆ ಬಡಿಯದೆ ಎಷ್ಟು ಸೆಕೆಂಡಿಗೆ ಪದರ ಹರಿಯುತ್ತದೆ ಅಂತ ನೋಡುತ್ತಾರೆ. ಕಾಗದದ ಪಟ್ಟಿ ಇಷ್ಟು ಅಗ್ಗ ಇರುವಾಗ ನಲವತ್ತು ದಾಟಿದ ಹೆಂಗಸರಿಗಾದರೂ ಕ್ಯಾಂಪುಗಳಲ್ಲಿ ಈ ನಾಲ್ಕು ಪ್ರಶ್ನೆ ಕೇಳಿ, ಬೇಕಾದವರಿಗೆ ಪಟ್ಟಿ ಇಟ್ಟು ನೋಡಲು ಏನು ಅಡ್ಡಿ? ಸ್ತ್ರೀಶಕ್ತಿ ಸಂಘಗಳು, ಆಶಾ ಕಾರ್ಯಕರ್ತೆಯರು ಇದನ್ನು ಗಟ್ಟಿಯಾಗಿ ಕೇಳಬಹುದು.

ಕಣ್ಣಿನ ಜೊತೆ ಬಾಯಿಯೂ ಒಣಗಿ ರೊಟ್ಟಿ ನುಂಗಲು ನೀರು ಬೇಕಾಗುತ್ತಿದ್ದರೆ, ಕೀಲು ನೋವೂ ಇದ್ದರೆ, ಅದನ್ನು ವೈದ್ಯರಿಗೆ ಮರೆಯದೆ ಹೇಳಿ. ಶೋಗ್ರೆನ್ ಎಂಬ ಕಾಯಿಲೆ ಹೀಗೇ ಶುರುವಾಗುತ್ತದೆ, ಅದು ಬಂದ ಹತ್ತರಲ್ಲಿ ಒಂಬತ್ತು ಜನ ಹೆಂಗಸರೇ. ಮಗುವಿನ ಕಣ್ಣು ಒಣಗಿ, ಮಬ್ಬುಗತ್ತಲಲ್ಲಿ ತಡವರಿಸುತ್ತಿದ್ದರೆ ಅದು ‘ಎ’ ಜೀವಸತ್ವದ ಕೊರತೆ ಇರಬಹುದು, ಅದಕ್ಕೆ ಕಾಯುವಂತಿಲ್ಲ. ಒಂದೇ ಕಣ್ಣು ಕೆಂಪಾಗಿ ವಿಪರೀತ ನೋವು, ಬೆಳಕು ನೋಡಲಾಗದಿರುವುದು, ಒಮ್ಮೆಲೇ ನೋಟ ಮಂಜಾಗುವುದು, ಕಪ್ಪು ಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಗರಿ–ಕಡ್ಡಿ ತಾಗಿದ ಮೇಲಿನ ಉರಿ, ಇವು ಒಣ ಕಣ್ಣಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಿ. ‘ಎಣ್ಣಿ’ ಸಿಡಿದಿದ್ದರೆ ಮೊದಲು ಹರಿಯುವ ನೀರಲ್ಲಿ ಕನಿಷ್ಠ ಕಾಲು ತಾಸು ತೊಳೆದು ಆಮೇಲೆ ಬಸ್ಸು ಹತ್ತಿ.

ಇನ್ನು ಬಾಟಲಿಯ ಮಾತು. ಒಡೆದ ದಿನಾಂಕವನ್ನು ಪೆನ್ನಿನಿಂದ ಅದರ ಮೇಲೇ ಬರೆದಿಡಿ, ತಿಂಗಳಾದ ಮೇಲೆ ಮಿಕ್ಕಿದ್ದರೂ ಚೆಲ್ಲಿ. ತುದಿ ರೆಪ್ಪೆಗೆ ತಾಗದಂತೆ ಹಾಕಿ. ನಮ್ಮ ಏಪ್ರಿಲ್ ಬಿಸಿಲಿಗೆ ಕಿಟಕಿಯಲ್ಲಿ, ತಗಡಿನ ಮಾಡಿನ ಕೆಳಗೆ ಇಡಬೇಡಿ. ಫ್ರಿಜ್ ಇಲ್ಲದ ಮನೆಯಲ್ಲಿ ಕುಡಿಯುವ ನೀರಿನ ಗಡಿಗೆಯ ಪಕ್ಕ, ಮಕ್ಕಳ ಕೈಗೆ ಸಿಗದ ನೆರಳಿನ ಗೂಡಿದ್ದರೆ ಸಾಕು.