ವಕಾಲತ್ತಿಗೆ ವಕೀಲರೇ ಅಡ್ಡ ನಿಂತರೆ

ವಕೀಲರ ಪಾತ್ರ ಕುರಿತ ಮೂಲ ತತ್ವಗಳನ್ನು ವಿಶ್ವಸಂಸ್ಥೆಯ ಸಮ್ಮೇಳನವೊಂದು 1990ರಲ್ಲಿ ಕ್ಯೂಬಾದ ಹವಾನಾದಲ್ಲಿ ಅಂಗೀಕರಿಸಿತು. ಬೆದರಿಕೆ, ಕಿರುಕುಳಗಳಿಲ್ಲದೆ ವಕೀಲರು ಕೆಲಸ ಮಾಡುವಂತೆ ಸರ್ಕಾರ ನೋಡಿಕೊಳ್ಳಬೇಕು ಎನ್ನುತ್ತದೆ 16ನೇ ತತ್ವ. ಕಕ್ಷಿದಾರನ ಪರ ನಿಂತ ಮಾತ್ರಕ್ಕೆ ವಕೀಲನನ್ನೂ ಅವನ ಪೈಕಿಯೇ ಎಂದು ಎಣಿಸಬಾರದು ಎನ್ನುತ್ತದೆ 18ನೆಯದು. ಮೊದಲನೆಯದಕ್ಕೆ ಚ್ಯುತಿ ಬಂದಾಗ ನಮ್ಮ ವಕೀಲರು ಸುಮ್ಮನಿರುವುದಿಲ್ಲ. 2025ರಲ್ಲಿ ಜಾರಿ ನಿರ್ದೇಶನಾಲಯ ಹಿರಿಯ ವಕೀಲರಿಗೆ ಸಮನ್ಸ್ ಕಳಿಸಿದಾಗ ಸಂಘಗಳು ದನಿ ಎತ್ತಿದವು, ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡಿತು. ಆಗಬೇಕಾದದ್ದೇ ಆಯಿತು. ಆದರೆ 18ನೇ ತತ್ವವನ್ನು ಗಾಳಿಗೆ ತೂರುವವರಲ್ಲಿ ವಕೀಲರ ಸಂಘಗಳೂ ಇವೆ ಎಂಬುದನ್ನು ಒಪ್ಪಿಕೊಳ್ಳಲು ನಮಗೆ ಇನ್ನೂ ಮನಸ್ಸಿಲ್ಲ.

2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಮೇಲೆ ರಾಜದ್ರೋಹದ ಪ್ರಕರಣ ದಾಖಲಾಯಿತು. ಅವರ ಪರ ಯಾರೂ ವಕಾಲತ್ತು ಹಾಕಬಾರದೆಂದು ಅಲ್ಲಿನ ವಕೀಲರ ಸಂಘ ಠರಾವು ಮಾಡಿತು. ಕೊನೆಗೆ ಜಾಮೀನು ಅರ್ಜಿ ಹಾಕಲು ಬೆಂಗಳೂರಿನ ವಕೀಲರು ಪೊಲೀಸ್ ಕಾವಲಿನಲ್ಲಿ ಧಾರವಾಡದ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಅಲ್ಲಿ ಅವರ ವಿರುದ್ಧ ಘೋಷಣೆ ಕೂಗಿದವರು ಕರಿಕೋಟು ತೊಟ್ಟವರೇ. ಹೈಕೋರ್ಟ್ ತರಾಟೆಗೆ ತೆಗೆದುಕೊಂಡ ಮೇಲಷ್ಟೇ ಸಂಘ ಪಟ್ಟು ಸಡಿಲಿಸಿತು. ಇಂಥ ಠರಾವುಗಳು ಅಸಿಂಧು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಕೊಯಮತ್ತೂರಿನ ಪ್ರಕರಣವೊಂದರಲ್ಲಿ ಹೇಳಿಯಾಗಿತ್ತು. ಅಲ್ಲಿ ಸಂಘ ಕೈಬಿಟ್ಟಿದ್ದು ಪೊಲೀಸರನ್ನು. ಇಂದು ಒಬ್ಬರ ಸರದಿ, ನಾಳೆ ಇನ್ನೊಬ್ಬರದು.

ಮನಸ್ಸಿಗೆ ಒಪ್ಪದ ಕೇಸನ್ನು ಬಿಡುವ ಹಕ್ಕು ವಕೀಲನಿಗಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ತೂಕದ್ದೇ. ವಿಶೇಷ ಕಾರಣವಿದ್ದರೆ ಕೇಸು ನಿರಾಕರಿಸಲು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೂ ಅವಕಾಶ ಕೊಡುತ್ತವೆ. ಆದರೆ ಒಬ್ಬ ವಕೀಲ ಒಲ್ಲೆ ಎಂದರೆ ಆರೋಪಿ ಪಕ್ಕದ ಕಚೇರಿಯ ಮೆಟ್ಟಿಲು ಹತ್ತಬಹುದು. ಸಂಘವೇ ಒಲ್ಲೆ ಎಂದರೆ ಊರಿನ ಅಷ್ಟೂ ಬಾಗಿಲು ಮುಚ್ಚಿದಂತೆ. ಅದಕ್ಕಿಂತ ಹೆಚ್ಚಾಗಿ, ಕೇಸು ಹಿಡಿಯಲು ಸಿದ್ಧನಿರುವ ಕಿರಿಯ ವಕೀಲನ ಮನಸ್ಸಾಕ್ಷಿಯನ್ನು ಆ ಠರಾವು ಕಸಿದುಕೊಳ್ಳುತ್ತದೆ. ಹವಾನಾ ತತ್ವಗಳು ಒಪ್ಪಂದವಲ್ಲ, ನಮ್ಮನ್ನು ಕಟ್ಟಿಹಾಕುವುದಿಲ್ಲ ಎಂಬ ಇನ್ನೊಂದು ವಾದವಿದೆ. ಹೌದು. ಆದರೆ ಬಂಧಿತನಿಗೆ ತನಗೆ ಬೇಕಾದ ವಕೀಲನನ್ನು ಇಟ್ಟುಕೊಳ್ಳುವ ಹಕ್ಕನ್ನು ಕೊಟ್ಟಿರುವುದು ನಮ್ಮದೇ ಸಂವಿಧಾನದ 22ನೇ ವಿಧಿ.

ವಕೀಲರ ಮೇಲಿನ ಹಿಂಸೆ ತಡೆಯಲು ಕರ್ನಾಟಕ 2023ರಲ್ಲಿ ಕಾಯ್ದೆ ತಂದಿತು. ಸಂತೋಷ. ಆದರೆ ಅಡ್ಡ ನಿಲ್ಲುವವರು ವಕೀಲರೇ ಆದಾಗ ಹೊಸ ಕಾಯ್ದೆಯೇನೂ ಬೇಕಿಲ್ಲ. ವಕೀಲರ ದುರ್ನಡತೆಯ ಮೇಲೆ ಶಿಸ್ತುಕ್ರಮ ಜರುಗಿಸುವ ಅಧಿಕಾರ ವಕೀಲರ ಕಾಯ್ದೆಯ 35ನೇ ಕಲಮಿನ ಪ್ರಕಾರ ರಾಜ್ಯ ವಕೀಲರ ಪರಿಷತ್ತಿಗೆ ಮೊದಲಿನಿಂದಲೂ ಇದೆ. ಇಂಥ ಠರಾವಿಗೆ ಸಹಿ ಹಾಕಿದ ಪದಾಧಿಕಾರಿಗಳಿಗೆ ಹೈಕೋರ್ಟ್ ಗದರುವವರೆಗೆ ಕಾಯದೆ ಮರುದಿನವೇ ಅದು ನೋಟಿಸ್ ಕೊಡಬೇಕು.